ಎಂ.ಎಸ್ಸಿ ಫಿಸಿಕ್ಸ್ ಮುಗೀತಾ ಬಂತು, ಈಗ ನಿಜವಾಗ್ಲೂ ಯಾವ ವಿಷಯದ ಮೇಲೆ ರಿಸರ್ಚ್ ನಡೀತಿದೆ? ಗೊತ್ತಿರೋರು ಹೇಳಿ

ಹಿನ್ನೀರಿನ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ಯೂನಿವರ್ಸಿಟಿಲಿ ಎಂ.ಎಸ್ಸಿ ಫಿಸಿಕ್ಸ್ ಕೊನೇ ಸೆಮಿಸ್ಟರ್. ಊರು ಸಾಗರದ ಹತ್ರ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಪಿಎಚ್‌ಡಿ ಮಾಡ್ಬೇಕು ಅಂತ ಆಸೆ ಇದೆ, ಆದ್ರೆ ಯಾವುದರಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಬಾಯಿ ಕಟ್ಟಿ ಹೋಗುತ್ತೆ. ನಮ್ಮ ಸಿಲಬಸ್‌ನಲ್ಲಿ ಮಾಡರ್ನ್ ಫಿಸಿಕ್ಸ್ ಅಂದ್ರೆ ಪ್ಲಾಂಕ್, ಕಾಂಪ್ಟನ್, ಡಿ ಬ್ರಾಗ್ಲಿ, ಡೇವಿಸನ್-ಜರ್ಮರ್, ಎಲ್ಲಾ 1900ರಿಂದ 1930ರ ಒಳಗೇ ಮುಗಿದು ಹೋಗುತ್ತೆ, ಆಗ ನಮ್ಮಜ್ಜನೇ ಹುಟ್ಟಿರಲಿಲ್ಲ. ಅಲ್ಲಿಂದ ಈಚೆಗೆ ಸುಮಾರು ನೂರು ವರ್ಷ ಏನೇನಾಯ್ತು ಅನ್ನೋದನ್ನ ಯಾವ ಪೇಪರಲ್ಲೂ ಕೇಳಲ್ಲ, ಹಾಗಾಗಿ ಯಾರೂ ಹೇಳಿಕೊಡೋದೂ ಇಲ್ಲ.

ನನಗೆ ಇಷ್ಟ ಆಗಿದ್ದು ಒಂದೇ ಒಂದು ಅಂದ್ರೆ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಪ್ರಾಕ್ಟಿಕಲ್. ಬೆಳಕನ್ನ ಎರಡಾಗಿ ಸೀಳಿ, ಎರಡು ಕನ್ನಡಿಗೆ ಹೊಡೆಸಿ ಮತ್ತೆ ಸೇರಿಸೋ ಉಪಕರಣ ಅದು, ಸೇರಿದಾಗ ಉಂಗುರಗಳು ಕಾಣ್ತವೆ. ಕತ್ತಲೆ ರೂಮಲ್ಲಿ ಕೂತು, ಮೈಕ್ರೋಮೀಟರ್ ತಿರುಪನ್ನ ಉಸಿರು ಹಿಡಿದು ತಿರುಗಿಸ್ತಾ ಲೇಸರ್ ಉಂಗುರಗಳನ್ನ ಎಣಿಸೋದು. ನೂರು ಉಂಗುರ ಎಣಿಸಿದ್ರೂ ಕನ್ನಡಿ ಸರಿದಿರೋದು ಸುಮಾರು 31.6 ಮೈಕ್ರೋಮೀಟರ್ ಅಷ್ಟೇ, ಕೂದಲೆಳೆಗಿಂತ ಕಮ್ಮಿ. 83ಕ್ಕೆ ಬಂದಿದ್ದೆ, ಆಗ ಕಾರಿಡಾರಲ್ಲಿ ಯಾರೋ ಬಾಗಿಲು ದಡಾರ್ ಅಂತ ಹಾಕಿದ್ರು, ಉಂಗುರಗಳೆಲ್ಲಾ ಗಡಗಡ ನಡುಗಿ ಎಣಿಕೆ ತಪ್ಪೋಯ್ತು. ಸಿಟ್ಟು ಬರ್ಬೇಕಿತ್ತು, ಬರ್ಲಿಲ್ಲ. ಎಲ್ಲೋ ಹಾಕಿದ ಬಾಗಿಲು ಇಲ್ಲಿ ಕಾಣ್ತಲ್ಲ ಅಂತ ಖುಷಿಯಾಗಿ ಮತ್ತೆ ಒಂದರಿಂದ ಶುರು ಮಾಡ್ದೆ.

ಮನೇಲಿ ಬಿ.ಎಡ್ ಮಾಡು ಅಂತಿದಾರೆ. ದಯವಿಟ್ಟು ಸುಮ್ನೆ ಲಿಸ್ಟ್ ಕೊಡಬೇಡಿ, ಲಿಸ್ಟ್ ಗೂಗಲ್‌ನಲ್ಲೂ ಸಿಗುತ್ತೆ. ಒಳಗೆ ಕೂತು ಕೆಲಸ ಮಾಡ್ತಿರೋರು ಏನು ಮಾಡ್ತಾರೆ ಅಂತ ಹೇಳಿ.

ತುಮಕೂರ್_ತಿಂಡಿ

ಕ್ವಾಂಟಂ ತಗೊಳ್ಳಿ ಕಣ್ರೀ, ಯೋಚನೆನೇ ಬೇಡ. ನ್ಯಾಷನಲ್ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ಮಂಜೂರಾಗಿದೆ, 2031ರವರೆಗೂ ದುಡ್ಡಿದೆ. ಕಂಪ್ಯೂಟಿಂಗ್ ಹಬ್ ನಮ್ಮ ಐಐಎಸ್‌ಸಿಲೇ ಇದೆ. 2025ರ ನೊಬೆಲ್ ಕೂಡ ಅದಕ್ಕೇ ಬಂತು.

ನಿದ್ದೆಗೆಟ್ಟ_ಪೋಸ್ಟ್‌ಡಾಕ್

@ತುಮಕೂರ್_ತಿಂಡಿ ದುಡ್ಡಿರೋದು ನಿಜ, ಆದ್ರೆ ನೊಬೆಲ್ ಬಂದಿದ್ದು ಕ್ವಾಂಟಂ ಕಂಪ್ಯೂಟರ್‌ಗಲ್ಲ. ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಮೂವರೂ 1984-85ರಲ್ಲಿ ಮಾಡಿದ ಪ್ರಯೋಗಕ್ಕೆ ಬಂದಿದ್ದು. ಕೈಯಲ್ಲಿ ಹಿಡಿಯೋ ಅಷ್ಟು ದೊಡ್ಡ ಸರ್ಕ್ಯೂಟ್ ಒಂದು ಒಟ್ಟಾಗಿ ಒಂದೇ ಕಣದ ಥರ ಟನಲ್ ಆಗುತ್ತೆ, ಅಂದ್ರೆ ಹತ್ತಿ ದಾಟೋ ಶಕ್ತಿ ಇಲ್ಲದಿದ್ರೂ ತಡೆನ ತೂರಿ ಆಚೆ ಹೋಗುತ್ತೆ, ಅಂತ ತೋರಿಸಿದ್ದು. ಇವತ್ತಿನ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗೆ (ಕ್ವಾಂಟಂ ಕಂಪ್ಯೂಟರಿನ ಬಿಟ್) ಅದೇ ಬುನಾದಿ, ಸರಿ, ಆದ್ರೆ ಆ ಪ್ರಯೋಗದಲ್ಲಿ ಅವರು ಬಹಳ ಕಷ್ಟಪಟ್ಟಿದ್ದು ಯಾವುದಕ್ಕೆ ಗೊತ್ತಾ? ಹೊರಗಿನಿಂದ ತಂತಿಗಳಲ್ಲಿ ಇಳಿದು ಬರೋ ಮೈಕ್ರೋವೇವ್ ಗಲಾಟೆನ ತಡೆಯೋದಕ್ಕೆ. ನಿಮ್ಮ ಬಾಗಿಲು ದಡಾರ್ ಅಂದ ಹಾಗೇನೇ ಇದೂ. ಅದನ್ನ ತಡೆಯದಿದ್ರೆ ಟನಲಿಂಗ್ ಆಗಿದ್ದೋ ಇಲ್ಲಾ ಶಾಖಕ್ಕೆ ಹಾರಿದ್ದೋ ಹೇಳಕ್ಕಾಗಲ್ಲ.

ಅದಕ್ಕೇ ಹೇಳ್ತಿರೋದು, 'ಕ್ವಾಂಟಂ' ಅಂತ ಒಂದು ವಿಷಯ ಇಲ್ಲ. ಅದರೊಳಗೆ ಒಬ್ಬರು ಇಡೀ ದಿನ ಫಿಲ್ಟರ್ ಬೆಸುಗೆ ಹಾಕ್ತಿರ್ತಾರೆ, ಒಬ್ಬರು ಲೇಸರ್ ಅಲೈನ್ ಮಾಡ್ತಿರ್ತಾರೆ, ಇನ್ನೊಬ್ಬರು ಪೇಪರ್ ಮೇಲೆ ಮ್ಯಾಟ್ರಿಕ್ಸ್ ಬರೀತಿರ್ತಾರೆ. ಮೂವರ ದಿನಾನೂ ಬೇರೆ. ಈ ಮೂರರಲ್ಲಿ ಯಾವ ದಿನ ನಿಮಗೆ ಬೇಕು ಅಂತ ಯೋಚ್ನೆ ಮಾಡಿ.

ಹಳೇ_ಮೇಷ್ಟ್ರು

ನೋಡಮ್ಮ, ನಾನು ಡಿಗ್ರಿ ಕಾಲೇಜಲ್ಲಿ 31 ವರ್ಷ ಫಿಸಿಕ್ಸ್ ಹೇಳಿ ರಿಟೈರ್ ಆದವನು. ನಿನ್ನ ಪೋಸ್ಟ್‌ನಲ್ಲಿ ಬಾಗಿಲಿನ ವಿಷಯ ಓದಿ ಎದ್ದು ಕೂತೆ. ನಿನ್ನ ಟೇಬಲ್ ಮೇಲಿದ್ದ ಉಪಕರಣಾನೇ 4 ಕಿಲೋಮೀಟರ್ ಉದ್ದಕ್ಕೆ ಎಳೆದ್ರೆ ಲೈಗೋ ಆಗುತ್ತೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿರೋ ಎರಡು ಲೈಗೋಗಳು ಮೊದಲ ಗುರುತ್ವದ ಅಲೆ, ಅಂದ್ರೆ ದೇಶಕಾಲವೇ ಹಿಗ್ಗಿ ಕುಗ್ಗೋ ಅಲೆ, ಹಿಡಿದವು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುರಂಧ್ರ ಒಂದಾಗಿದ್ದು. ಕನ್ನಡಿ ಸರಿದಿದ್ದು ಪ್ರೋಟಾನ್ ಅಗಲದ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಹಾಗಾದ್ರೆ ಯಾರೋ ಬಾಗಿಲು ಹಾಕಿದ್ದಲ್ಲ ಅಂತ ಹೇಗೆ ಗೊತ್ತು? ಎರಡು ಜಾಗಕ್ಕೂ 3,000 ಕಿಲೋಮೀಟರ್ ದೂರ. ಎರಡರಲ್ಲೂ ಒಂದೇ ಆಕಾರದ ನಡುಕ, ಸುಮಾರು 7 ಮಿಲಿಸೆಕೆಂಡ್ ವ್ಯತ್ಯಾಸದಲ್ಲಿ. ಲೂಸಿಯಾನದ ಬಾಗಿಲೂ ವಾಷಿಂಗ್ಟನ್ ರಾಜ್ಯದ ಬಾಗಿಲೂ ಒಂದೇ ತಾಳಕ್ಕೆ ಬಡಿಯೋದಿಲ್ಲ.

ಇನ್ನೊಂದು ಮಾತು. ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ರು, ಕಪ್ಪುರಂಧ್ರವನ್ನ ತಟ್ಟಿದ್ರೆ ಅದು ಗಂಟೆ ಥರ ಒಂದು ಸ್ವರದಲ್ಲಿ ಮಿಡಿದು ಬೇಗ ಅಡಗುತ್ತೆ ಅಂತ. ಆಗ ಕಪ್ಪುರಂಧ್ರ ನಿಜಕ್ಕೂ ಇದೆಯಾ ಅನ್ನೋದೇ ಜಗಳದ ವಿಷಯ. ಆಮೇಲೆ ಅವರು ಬೆಂಗಳೂರಿನ ನೆಹರು ತಾರಾಲಯ ಕಟ್ಟಿದ್ರು, ನನ್ನ ವಿದ್ಯಾರ್ಥಿಗಳು ಎಷ್ಟೋ ಜನ ಅಲ್ಲಿನ ರೀಪ್ ಅನ್ನೋ ವಿಜ್ಞಾನದ ಕ್ಲಾಸಿಗೆ ಭಾನುವಾರ ಬಸ್ ಹತ್ತಿ ಹೋಗ್ತಿದ್ರು. 2015ರ ಅಲೆಯ ಬಾಲದಲ್ಲಿ ಆ ಮಿಡಿತ ಸಿಕ್ಕಿತು, ಅವರು ಅದನ್ನ ಕಣ್ಣಾರೆ ನೋಡಿ 2017ರಲ್ಲಿ ತೀರಿಕೊಂಡ್ರು. 2025ರ ಜನವರಿ 14ರಂದು ಬಂದ ಇನ್ನೊಂದು ಅಲೆಯಲ್ಲಿ ಆ ಸ್ವರ ಎಷ್ಟು ಸ್ಪಷ್ಟ ಇತ್ತು ಅಂದ್ರೆ, ಎರಡು ಸೇರಿ ಒಂದಾದ ಮೇಲೆ ಕಪ್ಪುರಂಧ್ರದ ಮೇಲ್ಮೈ ಕಮ್ಮಿ ಆಗಲ್ಲ ಅಂತ ಹಾಕಿಂಗ್ ಹೇಳಿದ್ದನ್ನೂ ಪರೀಕ್ಷೆ ಮಾಡೋಕಾಯ್ತು. ಇದನ್ನೆಲ್ಲ ಹೇಳುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಪದಬಂಧ

ಮೇಷ್ಟ್ರೇ, ಗಂಟೆ ಮಿಡಿದು ಅಡಗೋದಕ್ಕೆ ಇಂಗ್ಲಿಷ್‌ನಲ್ಲಿ ರಿಂಗ್‌ಡೌನ್ ಅಂತಾರೆ. ಕನ್ನಡದಲ್ಲಿ 'ಅನುರಣನ' ಅನ್ನೋ ಒಳ್ಳೇ ಪದ ಇದೆ, ಅದನ್ಯಾಕೆ ಬಳಸಬಾರದು?

ಹಳೇ_ಮೇಷ್ಟ್ರು

ಒಪ್ಪಿದೆ, ಇವತ್ತಿನಿಂದ ಅದೇ ಪದ. ದೇವಸ್ಥಾನದ ಗಂಟೆ ಹೊಡೆದು ಕೈ ಬಿಟ್ಟ ಮೇಲೆ ಉಳಿಯೋ ಸದ್ದು ಕೇಳಿ ಇದು ಕಂಚೋ ಹಿತ್ತಾಳೆಯೋ, ಎಲ್ಲಾದ್ರೂ ಸೀಳು ಬಿಟ್ಟಿದೆಯಾ ಅಂತ ಹೇಳೋರಿದ್ರು ನಮ್ಮೂರಲ್ಲಿ. ಕಪ್ಪುರಂಧ್ರದ ಅನುರಣನ ಕೇಳಿ ಅದರ ತೂಕ ಎಷ್ಟು, ಎಷ್ಟು ಜೋರಾಗಿ ತಿರುಗ್ತಿದೆ ಅಂತ ಹೇಳೋದೂ ಇದೇ ಕೆಲಸ.

ಅಂಕಿತ_ಅಕ್ಷರ

ಕಪ್ಪುರಂಧ್ರ ಅಲ್ಲ, ಕೃಷ್ಣರಂಧ್ರ ಅಂತ ಪಠ್ಯದಲ್ಲಿತ್ತು.

ಪದಬಂಧ

'ಕಪ್ಪುಕುಳಿ' ಅಂತಾನೂ ಬರೀತಾರೆ, ನನಗೆ ಅದೇ ಇಷ್ಟ. ರಂಧ್ರ ಅಂದ್ರೆ ಆಚೆ ಬದಿಗೆ ತೂತು ಬಿದ್ದಿದೆ ಅನ್ನೋ ಅರ್ಥ ಬರುತ್ತೆ.

ನಿದ್ದೆಗೆಟ್ಟ_ಪೋಸ್ಟ್‌ಡಾಕ್

ಪದದ ಜಗಳಕ್ಕೆ ಬೇರೆ ಥ್ರೆಡ್ ತೆಗೀರಪ್ಪಾ, ಪಾಪ ಹುಡುಗಿ ಕೇಳಿದ್ದೇ ಬೇರೆ.

ಧಾರವಾಡದಾಕಿ

ನಾ ಒಂದ್ ಮಾತ ಹೇಳ್ತೀನ್ರಿ. ಎಲ್ಲಾರೂ ಲೈಗೋ, ಕ್ವಾಂಟಂ ಅಂತ ಹೇಳಾಕತ್ತೀರಿ, ಆದ್ರ ನಮ್ಮ ರಾಜ್ಯದ ಯೂನಿವರ್ಸಿಟಿಗೊಳಗ ಖರೇನ ನಡೆಯೂ ರಿಸರ್ಚ್ ಯಾವ್ದು? ಫೆರೈಟ್, ಗ್ಲಾಸು, ಫಾಸ್ಫರು, ತಿನ್ ಫಿಲ್ಮು, ಪಾಲಿಮರ್ರು. ಇದರ ಬಗ್ಗೆ ಯಾರೂ ಮಾತಾಡಂಗಿಲ್ಲ. ನಂದು ಪಿಎಚ್‌ಡಿ ಇದರಾಗ ಆಗೇತಿ, ನನಗ ನಾಚಿಕಿ ಇಲ್ಲ.

ಕೆಲಸ ಹೆಂಗ ಇರ್ತೈತಿ ಅಂದ್ರ, ಮೆಟಲ್ ನೈಟ್ರೇಟು, ಯೂರಿಯಾ ತೂಗಿ ನೀರಾಗ ಕಲಸಿ ಬಟ್ಟಲದಾಗ ಹಾಕಿ 500 ಡಿಗ್ರಿ ಇರೂ ಮಫಲ್ ಫರ್ನೇಸಿನಾಗ ಇಡೂದು. ಮೊದಲ ಕುದೀತೈತಿ, ಆಮ್ಯಾಲ ನೊರಿ ಬಂದ್ ಉಬ್ಬತೈತಿ, ಆಮ್ಯಾಲ ಭಗ್ ಅಂತ ಒಂದ್ ಉರಿ. ಐದ್ ಮಿನಿಟದಾಗ ಎಲ್ಲಾ ಮುಗದ್ ಹೋಗಿ ಬಟ್ಟಲ ತುಂಬ ಹಗೂರ ಬುರುಗಿನಂಥಾ ಪುಡಿ. ಈ ಪದ್ಧತಿ ಹುಟ್ಟಿದ್ದ ಬೆಂಗಳೂರಿನ ಐಐಎಸ್‌ಸಿ ಒಳಗರಿ, ಕೆ.ಸಿ. ಪಾಟೀಲ ಸರ್ ಅವರ ಲ್ಯಾಬಿನಾಗ, 1988ರಾಗ ಪೇಪರ್ ಬಂತು. ಇವತ್ತ ಜಗತ್ತಿನ ತುಂಬ ಮಾಡ್ತಾರ. ಆ ಪುಡಿನ ಅಗೇಟ್ ಮಾರ್ಟರ್‌ನಾಗ ತಾಸಗಟ್ಲೆ ಅರದು ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಬಿಟ್ಟು ಹರಳಿನ ರಚನಾ ನೋಡೂದು) ತಗದು, ಪೀಕ್ ಬರಬೇಕಾದಲ್ಲಿ ಬಂದಾವೇನು ಅಂತ ನೋಡೂದು. ದೊಡ್ಡ ಮಷೀನು ಬೇಕಾಗಿಲ್ಲ, ಕೈ ಶುದ್ಧ ಇರಬೇಕು, ತಾಳ್ಮಿ ಇರಬೇಕು.

ತುಮಕೂರ್_ತಿಂಡಿ

ಮೇಡಂ ಬೇಜಾರ್ ಮಾಡ್ಕೋಬೇಡಿ, ಆದ್ರೆ ಪುಡಿ ಮಾಡೋದು ಎಕ್ಸ್‌ಆರ್‌ಡಿ ತೆಗೆಯೋದು ಪೇಪರ್ ಹಾಕೋದು, ಮುಂದಿನ ತಿಂಗಳು ಅದಕ್ಕೇ ಇನ್ನೊಂದು ಪರ್ಸೆಂಟ್ ಜಿಂಕ್ ಸೇರಿಸಿ ಇನ್ನೊಂದು ಪೇಪರ್. ಇದ್ರಲ್ಲಿ ಪ್ರಶ್ನೆ ಎಲ್ಲಿದೆ?

ಧಾರವಾಡದಾಕಿ

ಹಂಗ ಮಾಡೂ ಮಂದಿ ಅದಾರ, ಇಲ್ಲ ಅನ್ನಂಗಿಲ್ಲ. ನನ್ನ ಜೋಡಿನೂ ಇದ್ರು. ಆದ್ರ ಅದು ವಿಷಯದ ತಪ್ಪಲ್ರಿ, ಪ್ರಶ್ನೆ ಇಲ್ದ ಕೆಲಸಾ ಮಾಡಿದವರ ತಪ್ಪು. ಜಿಂಕ್ ಎಷ್ಟು ಸೇರಿಸಿದ್ರ ಬೆಳಕು ಹೆಚ್ಚಾತು ಅಂತ ಬರದು ಬಿಟ್ರ ಅದು ಅಡಗಿ ಪುಸ್ತಕ. ಯಾಕ್ ಹೆಚ್ಚಾತು ಅಂತ ಹಟ ಹಿಡದು ಕುಂತ್ರ ಅದು ಫಿಸಿಕ್ಸ್. ನನ್ನ ಸ್ಯಾಂಪಲ್ಲಿನಾಗ ಒಂದ್ ಪೀಕ್ ಬರಬಾರದಲ್ಲಿ ಬಂದಿತ್ತು, ನನ್ನ ಗೈಡು 'ಅದನ್ನ ಬಿಡವಾ, ಪೇಪರ್ ಬರಿ' ಅಂದ್ರು. ನಾ ಬಿಡಲಿಲ್ಲ. ಎಂಟ್ ತಿಂಗಳು ಹೋತು, ಕಡೀಕ ಅದು ಹಳೇ ಬಟ್ಟಲದಿಂದ ಸೇರಿದ ಕಲಬೆರಕಿ ಅಂತ ಗೊತ್ತಾತು. ಪೇಪರ್ ಆಗಲಿಲ್ಲ ಅದರ ಮ್ಯಾಲ. ಆದ್ರ ಆವತ್ತಿಂದ ನನ್ನ ಅಳತಿ ಮ್ಯಾಲ ನನಗ ನಂಬಿಕಿ ಬಂತು.

ಕಡಲತಡಿ

ಇದು ಸರಿಯಾದ ಮಾತು ಮಾರಾಯ್ರೆ. ನಮ್ಮ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಟ್ರಾನ್ ಉಂಟು, ಎಲೆಕ್ಟ್ರಾನ್‌ಗಳನ್ನು ಓಡಿಸುವ ವೇಗವರ್ಧಕ. ಕೈಗಾ ಸುತ್ತಮುತ್ತಲಿನ ಮಣ್ಣು, ನೀರು, ಗಾಳಿಯ ವಿಕಿರಣ ಅಳೆಯುವ ಕೆಲಸ, ಮನೆಯೊಳಗಿನ ರೇಡಾನ್ ಅಳೆಯುವ ಕೆಲಸ ಕರಾವಳಿಯಲ್ಲಿ, ಮೈಸೂರು ಕಡೆಯಲ್ಲಿ ವರ್ಷಗಟ್ಟಲೆ ನಡೆದು ಬಂದಿದೆ. ಪೇಪರಲ್ಲಿ ದೊಡ್ಡ ಸುದ್ದಿ ಆಗುವುದಿಲ್ಲ ಅಷ್ಟೆ. ಒಂದು ಊರಿನ ನೀರು ಕುಡಿಯಲಿಕ್ಕೆ ಆಗ್ತದಾ ಇಲ್ವಾ ಅಂತ ಹೇಳುವ ಭೌತಶಾಸ್ತ್ರ ಅದು.

ಗಾಟಿಂಗನ್_ಗೌಡ

ನಾನು ಈಗ ಜರ್ಮನಿಲಿ ಇದೀನಿ, ಸಾಫ್ಟ್ ಮ್ಯಾಟರ್. ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ, ಆಕ್ಟಿವ್ ಮ್ಯಾಟರ್ ಅನ್ನೋ ವಿಷಯ ನೋಡಿ. ಹಕ್ಕಿ ಹಿಂಡು, ಮೀನಿನ ಹಿಂಡು, ಬ್ಯಾಕ್ಟೀರಿಯಾ, ಯಾವುದೆಲ್ಲ ಒಳಗಿನಿಂದಾನೇ ಶಕ್ತಿ ಖರ್ಚು ಮಾಡಿ ಚಲಿಸುತ್ತೋ ಅದರ ಭೌತಶಾಸ್ತ್ರ. ನಾವು ಕಲಿತ ಥರ್ಮೋಡೈನಾಮಿಕ್ಸ್ ಇದಕ್ಕೆ ನೇರವಾಗಿ ಕೂರಲ್ಲ, ಯಾಕಂದ್ರೆ ಇದು ಯಾವತ್ತೂ ಸಮತೋಲಕ್ಕೆ ಬರಲ್ಲ. ಈ ವಿಷಯಕ್ಕೆ ತಳಪಾಯ ಹಾಕಿದವರಲ್ಲಿ ಐಐಎಸ್‌ಸಿಯ ಶ್ರೀರಾಮ್ ರಾಮಸ್ವಾಮಿ ಒಬ್ಬರು. ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು ನನಗೆ, ಬೆಂಗಳೂರಿನ ಪೇಪರ್‌ಗಳನ್ನ ಇಲ್ಲಿನೋರು ಎಷ್ಟು ಓದ್ತಾರೆ ಅಂತ.

2014ರಲ್ಲಿ ಅಲ್ಲಿ ಒಂದು ಪ್ರಯೋಗ ಮಾಡಿದ್ರು. ಸುಮಾರು ನಾಲ್ಕೂವರೆ ಮಿಲಿಮೀಟರ್ ಉದ್ದದ ಹಿತ್ತಾಳೆ ಕಡ್ಡಿಗಳು, ಒಂದು ತುದಿ ದಪ್ಪ ಒಂದು ತುದಿ ಸಣ್ಣ. ಅವನ್ನ ಅಲ್ಯೂಮಿನಿಯಂ ಮಣಿಗಳ ಮಧ್ಯ ಒಂದು ತಟ್ಟೆ ಮೇಲೆ ಚೆಲ್ಲಿ ತಟ್ಟೆನ ಮೇಲೆ ಕೆಳಗೆ ಅದುರಿಸೋದು. ಆಕಾರ ಓರೆ ಇರೋದ್ರಿಂದ ಪ್ರತಿ ಕಡ್ಡಿನೂ ತನ್ನ ದಿಕ್ಕಿಗೆ ತಾನು ಹೊರಡುತ್ತೆ, ಅದು ಹೋಗ್ತಾ ಮಣಿಗಳನ್ನ ತಳ್ಳುತ್ತೆ, ಆ ಮಣಿಗಳ ಹರಿವು ದೂರದಲ್ಲಿರೋ ಇನ್ನೊಂದು ಕಡ್ಡಿನ ತಿರುಗಿಸುತ್ತೆ. ಮಣಿ ಸಾಕಷ್ಟಿದ್ರೆ ಕೈಬೆರಳೆಣಿಕೆ ಕಡ್ಡಿಗಳಿದ್ರೂ ಸ್ವಲ್ಪ ಹೊತ್ತಿಗೆ ಎಲ್ಲಾ ಒಂದೇ ಕಡೆ ಪ್ರದಕ್ಷಿಣೆ ಹೊರಡ್ತವೆ. ಕಡ್ಡಿಗೆ ಜೀವ ಇಲ್ಲ, ಕಣ್ಣಿಲ್ಲ. ಹಿಂಡು ಆಗೋಕೆ ನಾಯಕ ಬೇಕಿಲ್ಲ, ಒಬ್ಬರನ್ನೊಬ್ಬರು ಮುಟ್ಟೋದೂ ಬೇಕಿಲ್ಲ.

ಹಿನ್ನೀರಿನ_ಹುಡುಗಿ

ಇಷ್ಟು ಜನ ಬರೀತೀರಾ ಅಂತ ಅಂದ್ಕೊಂಡೇ ಇರ್ಲಿಲ್ಲ. ಧಾರವಾಡದ ಅಕ್ಕಾ, ನಿಮ್ಮ ಎಂಟು ತಿಂಗಳ ಕಥೆ ಎರಡು ಸಲ ಓದ್ದೆ. ಒಂದು ಅನುಮಾನ, ಹೀಗೆ ತಿಂಗಳುಗಟ್ಟಲೆ ಮಾಡಿ ಕೊನೆಗೆ 'ಇಲ್ಲ' ಅನ್ನೋ ಉತ್ತರ ಬಂದ್ರೆ ಅದನ್ನ ಯಾರಾದ್ರೂ ಲೆಕ್ಕಕ್ಕೆ ತಗೋತಾರಾ?

ಕೆರೆ_ಏರಿ

ಖಂಡಿತ ತಗೋತಾರೆ, ಅದಕ್ಕೆ ನಿಮ್ಮ ಊರಿನ ಉದಾಹರಣೆನೇ ಇದೆ! ನಿಮ್ಮ ಹೆಸರು ನೋಡಿ ಅವಾಗಿಂದ ಇದನ್ನ ಹೇಳ್ಬೇಕು ಅಂತ ಕೈ ತುರಿಸ್ತಿತ್ತು.

2018ರಲ್ಲಿ ಎಡ್ಜಸ್ ಅನ್ನೋ ತಂಡ, ಅವರ ಆಂಟೆನಾ ಆಸ್ಟ್ರೇಲಿಯಾದ ಮರುಭೂಮಿಲಿತ್ತು, ಬ್ರಹ್ಮಾಂಡದ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಸಿಕ್ತು ಅಂತ ಹೇಳ್ತು. ಏನಪ್ಪಾ ಅಂದ್ರೆ, ಹೈಡ್ರೋಜನ್ 1420 ಮೆಗಾಹರ್ಟ್ಸ್‌ನಲ್ಲಿ ರೇಡಿಯೋ ಅಲೆ ಹೀರುತ್ತೆ, ಬ್ರಹ್ಮಾಂಡ ಹಿಗ್ಗಿದ ಹಾಗೆ ಆ ಅಲೆ 18 ಪಟ್ಟು ಹಿಗ್ಗಿ ನಮಗೆ 78 ಮೆಗಾಹರ್ಟ್ಸ್ ಹತ್ರ ಒಂದು ತಗ್ಗಿನ ಥರ ಕಾಣ್ಬೇಕು. ತಗ್ಗು ಕಾಣ್ತು, ಆದ್ರೆ ಲೆಕ್ಕದಲ್ಲಿ ಬರೋದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಆಳ. ತಕ್ಷಣ ಥಿಯರಿಯೋರು ಡಾರ್ಕ್ ಮ್ಯಾಟರ್ ಹೈಡ್ರೋಜನ್‌ನ ತಣ್ಣಗೆ ಮಾಡಿರ್ಬೇಕು ಅಂತ ರಾಶಿ ರಾಶಿ ಪೇಪರ್ ಬರೆದ್ರು.

ಬೆಂಗಳೂರಿನ ಸದಾಶಿವನಗರದ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನೋರು ಸರಸ್ ಅಂತ ತಮ್ಮದೇ ಆಂಟೆನಾ ಕಟ್ಟಿದ್ರು. ನೆಲದ ಮೇಲೆ ಇಟ್ರೆ ಒಂದು ತೊಂದರೆ, ನೆಲದೊಳಗೆ ಮಣ್ಣು, ಕಲ್ಲು, ತೇವ ಅಂತ ಪದರ ಪದರ ಇರುತ್ತೆ, ಅದರಿಂದ ಅಲೆ ವಾಪಸ್ ಬಂದು ಸುಳ್ಳು ತಗ್ಗು ಹುಟ್ಟಿಸಬಹುದು. ನೀರಾದ್ರೆ ಎಲ್ಲಾ ಕಡೆ ಒಂದೇ ಥರ. ಅದಕ್ಕೆ ಶಂಕುವಿನ ಆಕಾರದ ಆಂಟೆನಾನ ತೆಪ್ಪದಂಥ ತೇಲೋ ವೇದಿಕೆ ಮೇಲೆ ಕೂರಿಸಿ 2020ರ ಶುರುವಿನಲ್ಲಿ ದಂಡಿಗಾನಹಳ್ಳಿ ಕೆರೆಲಿ ಮತ್ತೆ ಶರಾವತಿ ಹಿನ್ನೀರಲ್ಲಿ ಬಿಟ್ರು. 2022ರಲ್ಲಿ ನೇಚರ್ ಅಸ್ಟ್ರಾನಮಿಲಿ ಪೇಪರ್ ಬಂತು. ಆ ತಗ್ಗು ಇಲ್ಲ, ಎಡ್ಜಸ್ ಹೇಳಿದ ಆಕಾರನ 95.3% ವಿಶ್ವಾಸದಲ್ಲಿ ತಳ್ಳಿ ಹಾಕ್ತೀವಿ ಅಂತ. 'ಇಲ್ಲ' ಅನ್ನೋ ಉತ್ತರ ಅದು. ಇಡೀ ಜಗತ್ತು ತಿರುಗಿ ನೋಡ್ತು.

ಹಿನ್ನೀರಿನ_ಹುಡುಗಿ

ನನಗೆ ಮಾತೇ ಬರ್ತಿಲ್ಲ. ನಮ್ಮ ಹಳೇ ಮನೆ, ಗದ್ದೆ ಎಲ್ಲಾ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ್ದು, ಅಜ್ಜ ಈಗಲೂ ನೀರು ಇಳಿದಾಗ ದಂಡೆ ಮೇಲೆ ನಿಂತು ಅಲ್ಲಿ ನಮ್ಮ ಕೊಟ್ಟಿಗೆ ಇತ್ತು ಅಂತ ಬೆರಳು ತೋರಿಸ್ತಾರೆ. ಚಿಕ್ಕವಳಿದ್ದಾಗ ಅದೇ ನೀರಿನ ಮೇಲೆ ಲಾಂಚ್‌ನಲ್ಲಿ ಸಿಗಂದೂರಿಗೆ ಹೋಗ್ತಿದ್ವಿ. ಆ ನೀರಿನ ಮೇಲೆ ಕೂತು ಮೊದಲ ನಕ್ಷತ್ರದ ಸುದ್ದಿ ಕೇಳ್ತಿದ್ರಾ? ಎಂ.ಎಸ್ಸಿಲಿ ಒಬ್ಬರೂ ಒಂದು ದಿನ ಇದನ್ನ ಹೇಳ್ಲಿಲ್ಲ.

ಮೊಬೈಲ್ ನೆಟ್‌ವರ್ಕ್ ಇಲ್ಲ ಅಂತ ನಾವು ಅರ್ಜಿ ಕೊಟ್ಟು ಕೊಟ್ಟು ಸಾಕಾದ ಜಾಗ ಅದು. ಅವರಿಗೆ ಅದೇ ಬೇಕಾಗಿತ್ತು ಅನ್ಸುತ್ತೆ.

ಕೆರೆ_ಏರಿ

ಸಣ್ಣ ತಿದ್ದುಪಡಿ, ಮೊಬೈಲ್ ಟವರ್‌ಗಿಂತ ಅವರಿಗೆ ದೊಡ್ಡ ಕಾಟ ಎಫ್‌ಎಂ ರೇಡಿಯೋ. ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್, ಇವರಿಗೆ ಬೇಕಾದ 78 ಪಕ್ಕದಲ್ಲೇ ಇದೆ. ಮೊಬೈಲ್ ಇನ್ನೂ ಬಹಳ ಮೇಲೆ. ಹಾಗಾಗಿ ನಿಮ್ಮ ಊರಿಗೆ ಟವರ್ ಬಂದ್ರೆ ವಿಜ್ಞಾನಕ್ಕೇನೂ ದೊಡ್ಡ ನಷ್ಟ ಇಲ್ಲ, ಅರ್ಜಿ ಕೊಡ್ತಾನೇ ಇರಿ :) ಮುಂದೆ ಚಂದ್ರನ ಸುತ್ತ ಆಂಟೆನಾ ಕಳಿಸೋ ಪ್ರತುಷ್ ಅನ್ನೋ ಯೋಜನೆ ಅವರ ಹತ್ರ ಇದೆ, ಚಂದ್ರನ ಹಿಂಬದಿಲಿ ಭೂಮಿಯ ಯಾವ ಎಫ್‌ಎಂ ಕೂಡ ಕೇಳ್ಸಲ್ಲ.

ಜೋಗದ_ಜೋಗಿ

ಲಾಂಚ್ ಕಾಲ ಮುಗೀತಲ್ಲ, 2025ರಲ್ಲಿ ಸೇತುವೆ ಓಪನ್ ಆಯ್ತು. ನಾನಂತೂ ಲಾಂಚ್ ಮಿಸ್ ಮಾಡ್ಕೋತೀನಿ.

ಹಿನ್ನೀರಿನ_ಹುಡುಗಿ

ರಾತ್ರಿ ಹೊಟ್ಟೆನೋವು ಬಂದೋರನ್ನ ಲಾಂಚ್ ಸಿಗದೆ ದಂಡೇಲೇ ಕೂರಿಸಿಕೊಂಡಿದ್ದು ನೋಡಿದವರು ಯಾರೂ ಮಿಸ್ ಮಾಡ್ಕೊಳ್ಳಲ್ಲ ಸರ್.

ಜೋಗದ_ಜೋಗಿ

ಹೌದು ತಂಗಿ, ನಾನು ಹಾಗೆ ಬರೀಬಾರದಿತ್ತು, ಕ್ಷಮಿಸು.

ಕೋಲಾರದವ

ಸದ್ದು ಇಲ್ಲದ ಜಾಗದ ವಿಷಯ ಬಂದ್ಮೇಲೆ ಕೆಜಿಎಫ್ ಬಿಟ್ರೆ ಹೆಂಗೆ. ನಮ್ ತಾತ ಚಾಂಪಿಯನ್ ರೀಫ್ ಗಣೀಲಿದ್ರು. ಬಾಂಬೆಯಿಂದ ಬಂದ ವಿಜ್ಞಾನಿಗಳ ಸಾಮಾನು ಕೇಜ್‌ನಲ್ಲಿ ಕೆಳಗೆ ಇಳಿಸ್ತಿದ್ವಿ, ಕೆಳಗಿನ ಶೆಕೆಗೆ ಬೆವರು ಬೂಟಲ್ಲಿ ತುಂಬ್ತಿತ್ತು, ಅವರು ಮಾತ್ರ ಪೆಟ್ಟಿಗೆ ಮುಂದೆ ಅಲ್ಲಾಡದೆ ಕೂತಿರೋರು ಅಂತ ಹೇಳೋರು. ಆಕಾಶದಿಂದ ಬೀಳೋ ಮಿಕ್ಕ ಕಣಗಳನ್ನ ಹೆಚ್ಚುಕಮ್ಮಿ ಎಲ್ಲಾ ಮೇಲಿನ ಬಂಡೆ ತಡೆಯುತ್ತೆ, ಯಾವುದಕ್ಕೂ ಸುಲಭಕ್ಕೆ ತಾಗದ ನ್ಯೂಟ್ರಿನೋ ಅನ್ನೋ ಕಣ ಆರಾಮಾಗಿ ದಾಟಿ ಬರುತ್ತೆ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಬಾಂಬೆಯ ಟಿಐಎಫ್‌ಆರ್ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್‌ನೋರು ಸೇರಿ ವಾತಾವರಣದ ನ್ಯೂಟ್ರಿನೋ ಹಿಡಿದ್ರು, ಜಗತ್ತಲ್ಲೇ ಮೊದಲು ಹಿಡಿದವರಲ್ಲಿ ಇವರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣೀಲಿ ಇನ್ನೊಂದು ತಂಡ.

2001ರಲ್ಲಿ ಗಣಿ ಮುಚ್ಚಿದ್ರು. ಅದರ ಬದಲಿಗೆ ತಮಿಳುನಾಡಿನ ಥೇಣಿ ಹತ್ರ ಬೆಟ್ಟದೊಳಗೆ ಐಎನ್‌ಒ ಅಂತ 50,000 ಟನ್ನಿನ ಡಿಟೆಕ್ಟರ್ ಕಟ್ಟೋ ಯೋಜನೆ ಆಯ್ತು, ಅದು ವಿರೋಧದಲ್ಲಿ ನಿಂತೇ ಹೋಯ್ತು. ಅತ್ತ ಚೀನಾದಲ್ಲಿ ಜೂನೋ ಅಂತ 20,000 ಟನ್ ದ್ರವ ತುಂಬಿದ ಗೋಳ 2025ರ ಆಗಸ್ಟ್‌ನಲ್ಲಿ ಕೆಲಸ ಶುರು ಮಾಡ್ತು. ಮೊದಲು ಶುರು ಮಾಡಿದ್ದು ನಾವು. ಹೊಟ್ಟೆ ಉರಿಯುತ್ತೆ.

ಕಡಲತಡಿ

ಹೊಟ್ಟೆ ಉರಿಯುವುದು ಸರಿ, ಆದ್ರೆ ಥೇಣಿಯ ಜನ ಬೆಟ್ಟದ ಬಗ್ಗೆ, ನೀರಿನ ಬಗ್ಗೆ ಹೆದರಿದ್ದು ಕೂಡ ಸುಮ್ಮನೆ ಅಲ್ಲ. ನ್ಯೂಟ್ರಿನೋ ಯಾರಿಗೂ ಏನೂ ಮಾಡುವುದಿಲ್ಲ ಅಂತ ಅವರ ಭಾಷೆಯಲ್ಲಿ ಮೊದಲೇ ಕೂತು ಹೇಳಬೇಕಿತ್ತು. ಬಂಡೆ ಒಡೆಯುವುದರ ಪ್ರಶ್ನೆ ಬೇರೆಯೇ, ಅದಕ್ಕೆ ಉತ್ತರ ಕೊಡಲೇಬೇಕು.

ಕೋಲಾರದವ

ಅದನ್ನ ಒಪ್ತೀನಿ.

ತುಮಕೂರ್_ತಿಂಡಿ

ನಾನು ಮೊದಲು ಕ್ವಾಂಟಂ ಅಂದಿದ್ದಕ್ಕೆ ಎಲ್ರೂ ಬಂದು ಹೇಳಿದ್ರಿ, ಸರಿ. ಆದ್ರೂ ಒಂದು ಕೇಳ್ತೀನಿ, ಗಾಳಿ ಬಂದಾಗ ತೂರಿಕೊಳ್ಳೋದ್ರಲ್ಲಿ ತಪ್ಪೇನಿದೆ? ಬಡವರ ಮಕ್ಕಳು ಫೆಲೋಶಿಪ್ ಇರೋ ಕಡೆ ಹೋಗೋದು ಬೇಡ್ವಾ?

ನಿದ್ದೆಗೆಟ್ಟ_ಪೋಸ್ಟ್‌ಡಾಕ್

ತಪ್ಪೇನಿಲ್ಲ ಬ್ರದರ್, ದುಡ್ಡಿನ ಮಾತು ನಾಚಿಕೆ ಬಿಟ್ಟು ಆಡ್ಬೇಕು. ನೆಟ್ ಪರೀಕ್ಷೆಲಿ ಜೆಆರ್‌ಎಫ್ (ಜೂನಿಯರ್ ಫೆಲೋಶಿಪ್) ಆದ್ರೆ ತಿಂಗಳಿಗೆ 37,000 ಮತ್ತೆ ಎಚ್‌ಆರ್‌ಎ, 2023ರ ಜನವರಿಯಿಂದ ಅದೇ ದರ, ಎಸ್‌ಆರ್‌ಎಫ್ (ಸೀನಿಯರ್) ಆದ್ಮೇಲೆ 42,000. ಅದು ವಿಷಯ ನೋಡಿ ಬರಲ್ಲ, ಕ್ವಾಂಟಂಗೂ ಅಷ್ಟೇ ಫೆರೈಟ್‌ಗೂ ಅಷ್ಟೇ. ಕೆಲವು ಕಡೆ ದುಡ್ಡು ಐದಾರು ತಿಂಗಳು ತಡ ಆಗುತ್ತೆ, ನನಗೂ ಆಗಿತ್ತು, ರೂಮ್ ಬಾಡಿಗೆಗೆ ಅಣ್ಣನ ಹತ್ರ ಕೈ ಚಾಚಿದೀನಿ, ಅದಕ್ಕೆ ಸೇರೋ ಮುಂಚೆ ಅಲ್ಲಿನ ಸೀನಿಯರ್‌ಗಳನ್ನ ಇದೊಂದು ಕೇಳಿ.

ಗಾಳಿ ವಿಷಯಕ್ಕೆ ಬಂದ್ರೆ, 2021ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನೋರು ಮ್ಯೂಆನ್ (ಎಲೆಕ್ಟ್ರಾನಿನಂಥದೇ, ಆದ್ರೆ ಭಾರದ ಕಣ) ಕಾಂತೀಯತೆ ಥಿಯರಿಗೆ ಹೊಂದ್ತಿಲ್ಲ ಅಂದಾಗ ಹೊಸ ಬಲನೇ ಸಿಕ್ಕಿತು ಅಂತ ಎಲ್ಲಾ ಕಡೆ ಸುದ್ದಿ. 2025ಕ್ಕೆ ಪ್ರಯೋಗದವರು ಕೊನೇ ಅಳತೆ ಕೊಟ್ರು, ಹತ್ತು ಕೋಟಿಯಲ್ಲಿ ಹದಿಮೂರು ಪಾಲಿನಷ್ಟು ಮಾತ್ರ ಅನಿಶ್ಚಿತತೆ, ಅದ್ಭುತ ಕೆಲಸ. ಅಷ್ಟರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಥಿಯರಿ ಬೆಲೆನೇ ಪ್ರಯೋಗದ ಹತ್ರಕ್ಕೆ ಸರಿದಿತ್ತು. 2023ರಲ್ಲಿ ಕೊರಿಯಾದ ಎಲ್‌ಕೆ-99 ರೂಮಿನ ಬಿಸಿಯಲ್ಲೇ ಸೂಪರ್‌ಕಂಡಕ್ಟರ್ (ಅಡ್ಡಿಯಿಲ್ಲದೆ ಕರೆಂಟ್ ಹರಿಸೋ ವಸ್ತು) ಅಂತ ಬಂತು, ದಿಲ್ಲಿಯ ಎನ್‌ಪಿಎಲ್‌ನೋರೂ ಮಾಡಿ ನೋಡಿದ್ರು, ಏನೂ ಇಲ್ಲ. ಗಾಳಿ ನಂಬಿ ಆ ವರ್ಷ ಸೇರಿದೋರಿಗೆ ಎರಡೇ ವರ್ಷಕ್ಕೆ ವಿಷಯನೇ ಇಲ್ಲ. ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ನೋಡಿ, ಗಾಳಿ ಕಮ್ಮಿ ಆಯ್ತು ಅಂದ್ಕೊಂಡಿದ್ವಿ, 2025ರಲ್ಲಿ ಐಐಎಸ್‌ಸಿಯೋರು ಅದರೊಳಗೆ ಎಲೆಕ್ಟ್ರಾನ್‌ಗಳು ದ್ರವದ ಥರ ಹರಿಯೋದನ್ನ ತೋರಿಸಿದ್ರು, ವೀಡೆಮನ್-ಫ್ರಾಂಜ್ ನಿಯಮ (ಲೋಹದಲ್ಲಿ ಶಾಖ ಹರಿಯೋದಕ್ಕೂ ಕರೆಂಟ್ ಹರಿಯೋದಕ್ಕೂ ಗೊತ್ತಾದ ಅನುಪಾತ ಇದೆ ಅನ್ನೋದು) 200 ಪಟ್ಟಿಗೂ ಜಾಸ್ತಿ ಮುರಿದು ಬಿತ್ತು. ಆ ನಿಯಮ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದು!

ಹಳೇ_ಮೇಷ್ಟ್ರು

ಅಮ್ಮಾ, ಪಿಎಚ್‌ಡಿಗೆ ಸೇರೋಕೆ ಜೆಸ್ಟ್ ಅನ್ನೋ ಪ್ರವೇಶ ಪರೀಕ್ಷೆ ಬರಿ, ರಾಮನ್ ಇನ್‌ಸ್ಟಿಟ್ಯೂಟ್, ಐಸಿಟಿಎಸ್, ಖಭೌತ ಸಂಸ್ಥೆ ಎಲ್ಲಾ ಅದರ ಮೂಲಕ ಕರೀತಾರೆ. ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ತಡವರಿಸಿದ್ರೂ ಪರವಾಗಿಲ್ಲ, ಬೋರ್ಡ್ ಮೇಲೆ ಚಿತ್ರ ಬರೆದು ಹೇಳು. ನಿನ್ನ ಬಾಗಿಲಿನ ವಿಷಯನೇ ಹೇಳು ಅಲ್ಲಿ.

ಕೋಡು_ಬರೆಯೋನು

ಪರೀಕ್ಷೆ ಬರೋವರೆಗೂ ಕಾಯೋದ್ಯಾಕೆ? ಲೈಗೋ ಡೇಟಾ ಎಲ್ಲಾ ಓಪನ್ ಆಗಿ ಇಟ್ಟಿದಾರೆ, ಯಾರು ಬೇಕಾದ್ರೂ ಇಳಿಸ್ಕೋಬಹುದು. ಮೊದಲ ಅಲೆಯ ಫೈಲ್ ತಗೊಳ್ಳಿ, 32 ಸೆಕೆಂಡಿನದು, 4096 ಹರ್ಟ್ಸ್‌ನದು ಸಾಕು, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಪೈಥಾನ್ ಬರುತ್ತಾ ನಿಮಗೆ?

ಹಿನ್ನೀರಿನ_ಹುಡುಗಿ

ಸ್ವಲ್ಪ ಬರುತ್ತೆ, ಪ್ರಾಕ್ಟಿಕಲ್‌ಗೆ ಗ್ರಾಫ್ ಹಾಕೋ ಅಷ್ಟು. ಇವತ್ತೇ ನೋಡ್ತೀನಿ.

ಹಿನ್ನೀರಿನ_ಹುಡುಗಿ

ಸರ್, ಫೈಲ್ ಸಿಕ್ತು! ರಾತ್ರಿ ಹಾಸ್ಟೆಲ್ ಟೆರೇಸ್ ಮೇಲೆ ಹೋಗಿ ಇಳಿಸ್ಕೊಂಡೆ, ಅಲ್ಲಿ ಮಾತ್ರ ಸಿಗ್ನಲ್ ಚೆನ್ನಾಗಿರೋದು. ನೇರ ಗ್ರಾಫ್ ಹಾಕಿದ್ರೆ ಏನೂ ಕಾಣ್ತಿಲ್ಲ, ಬರೀ ದೊಡ್ಡ ಅಲೆ ಓಲಾಡ್ತಿದೆ. ಫೂರಿಯರ್ ಮಾಡಿ, ಅಂದ್ರೆ ಯಾವ ಆವರ್ತನ ಎಷ್ಟಿದೆ ಅಂತ ಬಿಡಿಸಿ ನೋಡ್ದೆ, 60 ಹರ್ಟ್ಸ್‌ಗೆ ಸರಿಯಾಗಿ ಒಂದು ಎತ್ತರದ ಮುಳ್ಳು ಬಂದಿದೆ. ಇದೇನಾ ಅದು?

ಕೋಡು_ಬರೆಯೋನು

ಅಲ್ಲ, ಅದು ಅಮೆರಿಕದ ಕರೆಂಟು. ನಮ್ಮದು 50 ಹರ್ಟ್ಸ್, ಅವರದ್ದು 60. ಎಷ್ಟೇ ಮುಚ್ಚಿಟ್ರೂ ಲೈನ್ ಕರೆಂಟ್ ಒಳಗೆ ನುಸುಳುತ್ತೆ.

ಹಿನ್ನೀರಿನ_ಹುಡುಗಿ

ಓ! ಹಾಗಾದ್ರೆ 500ರ ಹತ್ರ ಒಂದು ಗುಂಪು ಮುಳ್ಳು ಇದೆಯಲ್ಲ ಅದು? ಕರೆಂಟ್ ಅಷ್ಟು ಮೇಲೆ ಇರಲ್ಲ ಅಲ್ವಾ?

ಕೋಡು_ಬರೆಯೋನು

ಅದನ್ನ ಗಮನಿಸಿದ್ರಲ್ಲ, ಶಭಾಷ್. ಲೈಗೋದ ಒಂದೊಂದು ಕನ್ನಡಿ 40 ಕೆಜಿ, ಅದನ್ನ ತೆಳ್ಳಗಿನ ಗಾಜಿನ ಎಳೆಗಳಿಂದ ನೇತು ಹಾಕಿದಾರೆ. ಆ ಎಳೆಗಳು ಪಿಟೀಲಿನ ತಂತಿ ಥರ ಮಿಡಿಯೋದು ಅದು, ವಯೊಲಿನ್ ಮೋಡ್ ಅಂತಾನೇ ಕರೀತಾರೆ. ಇವನ್ನೆಲ್ಲ ಒಂದೊಂದಾಗಿ ತೆಗೀಬೇಕು. ಶನಿವಾರ ಸಂಜೆ ಏಳಕ್ಕೆ ಟೆರೇಸ್ ಮೇಲೆ ಬನ್ನಿ, ಸ್ಕ್ರೀನ್ ಶೇರ್ ಮಾಡಿ 35ರಿಂದ 350 ಹರ್ಟ್ಸ್ ಮಧ್ಯದ್ದು ಮಾತ್ರ ಉಳಿಸೋ ಫಿಲ್ಟರ್ ಬರೆಯೋಣ. ಎರಡು ಕಡೆಯ ಫೈಲೂ ಇಳಿಸಿಟ್ಕೊಳ್ಳಿ, ಹ್ಯಾನ್‌ಫರ್ಡ್‌ದೂ ಲಿವಿಂಗ್‌ಸ್ಟನ್‌ದೂ.

ಧಾರವಾಡದಾಕಿ

ನಾನೂ ಬರ್ತೀನ್ರಿ ಶನಿವಾರ, ಲಿಂಕ್ ಕಳಸ್ರಿ.